ಇಪ್ಪತ್ತು ದಾಟಿದ ಎಲ್ಲರಿಗೂ, ಅವರ ಡಾಕ್ಟರುಗಳಿಗೂ, ಅವರನ್ನ ಕೆಲಸಕ್ಕಿಟ್ಕೊಂಡಿರೋರಿಗೂ ಒಂದು ಬಹಿರಂಗ ಪತ್ರ

ಎಲ್ಲರಿಗೂ ನಮಸ್ಕಾರ,

ಈ ಪತ್ರ ಇಪ್ಪತ್ತೆರಡರ ಹುಡುಗ ಹುಡುಗೀರಿಗೂ ಹೌದು, ಎಪ್ಪತ್ತೆರಡರ ಹಿರಿಯರಿಗೂ ಹೌದು, ನಡುವೆ ಮಕ್ಕಳು ಕೆಲಸ ಸಾಲ ಅಂತ ಓಡಾಡ್ತಿರೋರಿಗಂತೂ ಎಲ್ಲರಿಗಿಂತ ಮೊದಲು. ಡಾಕ್ಟರುಗಳ ಹತ್ರ, ಕಂಪನಿ ನಡೆಸೋರ ಹತ್ರ ಕೊನೇಲಿ ಬೇರೆಯಾಗಿ ಕೇಳ್ಕೊಳ್ಳೋದಿದೆ, ದಯವಿಟ್ಟು ಅಲ್ಲೀವರೆಗೂ ಓದಿ.

ನಂಗೆ ಹೇಳ್ಬೇಕಾಗಿರೋದು ಒಂದೇ ವಿಷಯ. "ನಂಗೇನಾಗಿದೆ, ಆರಾಮಾಗಿದೀನಿ" ಅನ್ನೋ ಮಾತನ್ನ ನಾವೆಲ್ಲ ಹೆಲ್ತ್ ಸರ್ಟಿಫಿಕೇಟ್ ಥರ ನಂಬ್ಕೊಂಡಿದೀವಿ. ಬಿಪಿ ಏರಿದ್ರೆ ನೋಯಲ್ಲ. ಶುಗರ್ ನಿಧಾನಕ್ಕೆ ಮೇಲೆ ಹೋದ್ರೆ ಗೊತ್ತಾಗಲ್ಲ. ರಕ್ತನಾಳದ ಒಳಗೆ ಕೊಬ್ಬು ಕಟ್ಟೋದು, ಮೂಳೆ ಟೊಳ್ಳಾಗೋದು, ಮಾಂಸಖಂಡ ಕರಗೋದು, ಇದ್ಯಾವ್ದೂ ಮೊದಲ ಎಷ್ಟೋ ವರ್ಷ ನಮಗೆ ತಿಳಿಸೋದೇ ಇಲ್ಲ. ಅರವತ್ತರಲ್ಲಿ ಆಸ್ಪತ್ರೆ ಸೇರಿಸೋ ಕಾಯಿಲೆಗಳಲ್ಲಿ ಬಹಳಷ್ಟು ಮೂವತ್ತರಲ್ಲೋ ನಲವತ್ತರಲ್ಲೋ ಶುರುವಾಗಿರ್ತವೆ, ಆಗ ತಡೆಯೋದು ಸುಲಭ ಇರುತ್ತೆ, ಆದ್ರೆ ಆಗ ಆರಾಮಾಗಿರ್ತೀವಲ್ಲ ಅದಕ್ಕೇ ಯಾರೂ ನೋಡೋದೇ ಇಲ್ಲ. ಒಂದೊಂದು ವಯಸ್ಸಿಗೂ ಅದರದ್ದೇ ಆದ ಕೆಲಸ ಇದೆ ಅಂತ ನಮಗೆ ಯಾರಾದ್ರೂ ಸರಿಯಾದ ಟೈಮಲ್ಲಿ ಹೇಳ್ಬೇಕಲ್ವಾ, ಅದಕ್ಕೆ ಈ ಪತ್ರ.

ನಲವತ್ತರ ಆಸುಪಾಸಿನೋರಿಂದಾನೇ ಶುರು ಮಾಡ್ತೀನಿ, ವಯಸ್ಸಿನ ಆರ್ಡರ್ ತಪ್ಪಿದ್ರೂ ಪರವಾಗಿಲ್ಲ. ಕಳ್ಕೊಳ್ಳೋದಕ್ಕೂ ಉಳಿಸ್ಕೊಳ್ಳೋದಕ್ಕೂ ಇದಕ್ಕಿಂತ ದೊಡ್ಡ ಹತ್ತು ವರ್ಷ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಬಿಪಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಾದ್ಯಂತ 30ರಿಂದ 79ರೊಳಗಿನ 100 ಕೋಟಿಗಿಂತ ಹೆಚ್ಚು ಜನಕ್ಕೆ ಬಿಪಿ ಜಾಸ್ತಿ ಇದೆ, ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಅದು ಇರೋದೇ ಗೊತ್ತಿಲ್ಲ. ಬಿಪಿ ಇದ್ರೆ ತಲೆನೋವು ಬರುತ್ತೆ, ತಲೆ ಸುತ್ತುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ, ಬಹಳ ಜನಕ್ಕೆ ಏನೂ ಆಗಲ್ಲ, ಒಂದಿನ ನೇರವಾಗಿ ಸ್ಟ್ರೋಕ್ ಆಗುತ್ತೆ ಇಲ್ಲಾ ಇನ್ಯಾವುದಕ್ಕೋ ಮಾಡಿಸಿದ ಟೆಸ್ಟಲ್ಲಿ ಕಿಡ್ನಿ ಕೆಟ್ಟಿರೋದು ಗೊತ್ತಾಗುತ್ತೆ.

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರದ್ದೇ ನೋಡಿ, ವರ್ಷಗಟ್ಟಲೆ ಅವರ ಬಿಪಿ ಏರ್ತಾನೇ ಹೋಯ್ತು, ಡಾಕ್ಟರ್ ಮಾತ್ರ ಅವರ ವಯಸ್ಸಿಗೆ ಆರೋಗ್ಯ ಚೆನ್ನಾಗೇ ಇದೆ ಅಂತಿದ್ರು, 1945ರಲ್ಲಿ 63ನೇ ವಯಸ್ಸಿಗೆ ಮೆದುಳಲ್ಲಿ ರಕ್ತಸ್ರಾವ ಆಗಿ ತೀರ್ಕೊಂಡ್ರು. ಇದು ಒಬ್ಬ ಡಾಕ್ಟರ ತಪ್ಪು ಅಂತ ಹೇಳೋಕಾಗಲ್ಲ, ವಯಸ್ಸಾದ ಹಾಗೆ ಬಿಪಿ ಏರೋದು ಸಹಜ ಅಂತ ಆ ಕಾಲದ ವೈದ್ಯರು ಬಹಳಷ್ಟು ಜನ ನಂಬಿದ್ರು. 1948ರಲ್ಲಿ ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ 5,209 ಜನರನ್ನ ಆರಿಸ್ಕೊಂಡು, ಅವರ ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಎಲ್ಲಾ ಬರೆದಿಟ್ಕೊಂಡು ದಶಕಗಟ್ಟಲೆ ಹಿಂಬಾಲಿಸಿ ನೋಡಿದ ಮೇಲೇನೇ ಇವೆಲ್ಲ ಹಾರ್ಟ್ ಅಟ್ಯಾಕಿಗೆ ದಾರಿ ಅನ್ನೋದು ಗಟ್ಟಿಯಾಗಿದ್ದು. ಇಷ್ಟೆಲ್ಲಾ ಗೊತ್ತಾಗಿ ಎಷ್ಟೋ ವರ್ಷ ಆದ್ರೂ ಮನೆಗಳಲ್ಲಿ ಇವತ್ತಿಗೂ "ವಯಸ್ಸಾಯ್ತಲ್ಲ, ಇರುತ್ತೆ ಬಿಡು" ಅಂತಾನೇ ಮಾತು.

ಅಳತೆ ಸರಿಯಾಗಿ ತಗೊಳ್ಳೋದೂ ಮುಖ್ಯ. ಮೆಟ್ಟಿಲು ಹತ್ತಿ ಬಂದ ಉಸಿರಲ್ಲೇ ಕೈ ಚಾಚೋದಲ್ಲ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಇಟ್ಕೊಂಡು, ಪಾದ ಎರಡೂ ನೆಲದ ಮೇಲೆ, ತೋಳು ಎದೆ ಮಟ್ಟಕ್ಕೆ, ಮಾತಾಡ್ದೆ, ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡ್ಬೇಕು. ಒಂದು ಸಲ ಜಾಸ್ತಿ ಬಂತು ಅಂತ ಗಾಬರಿ ಬೇಡ, ಬೇರೆ ಬೇರೆ ದಿನ ನೋಡಿದ್ರೂ 140/90 ದಾಟ್ತಿದ್ರೆ ಡಾಕ್ಟರ್ ಹತ್ರ ಹೋಗಿ, ಅಮೆರಿಕದ ಹೃದ್ರೋಗ ತಜ್ಞರಂತೂ 2017ರಿಂದ 130/80 ದಾಟಿದ್ರೇನೇ ಜಾಸ್ತಿ ಅಂತ ಲೆಕ್ಕ ಹಾಕ್ತಿದಾರೆ. ಮಾತ್ರೆ ಕೊಟ್ರೆ ತಗೊಳ್ಳಿ. ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ ಅಂತ ಹೆದರಿ ಮಾತ್ರೆ ಮುಂದೂಡೋರು ತುಂಬಾ ಜನ ಇದಾರೆ, ಈ ಹೆದರಿಕೆ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಬಿಡೋಕಾಗದ ಮಾತ್ರೆ ಆದ್ರೂ ಅದು ಸ್ಟ್ರೋಕಿಗಿಂತ ಎಷ್ಟೋ ವಾಸಿ.

ಶುಗರ್ ವಿಷಯದಲ್ಲಿ ಇನ್ನೂ ಒಳ್ಳೇ ಸುದ್ದಿ ಇದೆ, ಆದ್ರೆ ಅದು ಹೊತ್ತಿಗೆ ಸರಿಯಾಗಿ ನೋಡ್ಕೊಂಡೋರಿಗೆ ಮಾತ್ರ. ಖಾಲಿ ಹೊಟ್ಟೇಲಿ 100ರಿಂದ 125, ಹಿಂದಿನ ಎರಡ್ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತದ ಟೆಸ್ಟ್ ಎಚ್‌ಬಿಎ1ಸಿ 5.7ರಿಂದ 6.4, ಇದು ಅಂಚಿನಲ್ಲಿರೋರ ಲೆಕ್ಕ, ಇನ್ನೂ ಡಯಾಬಿಟಿಸ್ ಆಗಿಲ್ಲ. ಇಂಥಾ ಅಂಚಿನಲ್ಲಿದ್ದ ಮೂರು ಸಾವಿರಕ್ಕಿಂತ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, 2002ರಲ್ಲಿ ಫಲಿತಾಂಶ ಬಂತು. ಮೈತೂಕದಲ್ಲಿ ಶೇಕಡಾ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೀಬೇಕು ಅನ್ನೋ ಗುರಿ ಇಟ್ಕೊಂಡ ಗುಂಪಲ್ಲಿ ಡಯಾಬಿಟಿಸ್ ಬರೋದು ಶೇಕಡಾ 58ರಷ್ಟು ಕಮ್ಮಿ ಆಯ್ತು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡೋರಲ್ಲಿ ಶೇಕಡಾ 31. ಮಾತ್ರೆಗಿಂತ ನಡಿಗೆ ಮುಂದಿತ್ತು, ಅದೂ ಅರವತ್ತು ದಾಟಿದೋರಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡ್ತು. ಆದ್ರೆ ಅಂಚಿನಲ್ಲಿದೀನಿ ಅಂತ ಗೊತ್ತಾಗೋಕೆ ಮೊದಲು ಟೆಸ್ಟ್ ಆಗ್ಬೇಕಲ್ಲ. ಬೊಜ್ಜಿದ್ರೆ, ಅಪ್ಪ ಅಮ್ಮಂಗೆ ಇದ್ರೆ, 35ರಿಂದಾನೇ ನೋಡಿಸ್ಕೊಳ್ಳಿ, ನಲವತ್ತರವರೆಗೂ ಕಾಯ್ಬೇಡಿ.

ಇನ್ನೊಂದು, ನಲವತ್ತಾದ್ಮೇಲೆ ಮೆಟಬಾಲಿಸಂ, ಅಂದ್ರೆ ದೇಹ ಶಕ್ತಿ ಖರ್ಚು ಮಾಡೋ ವೇಗ, ಬಿದ್ದೋಗುತ್ತೆ, ಅದಕ್ಕೇ ದಪ್ಪ ಆಗೋದು ಅನ್ನೋದನ್ನ ಎಲ್ಲರೂ ಹೇಳ್ತಾರೆ. 2021ರಲ್ಲಿ ಬಂದ ದೊಡ್ಡದೊಂದು ಅಧ್ಯಯನ, ಆರು ಸಾವಿರಕ್ಕಿಂತ ಹೆಚ್ಚು ಜನ, ಎಂಟು ದಿನದ ಕೂಸಿಂದ 95ರ ಹಿರಿಯರವರೆಗೆ, ದೇಹದ ಗಾತ್ರ ಲೆಕ್ಕಕ್ಕೆ ತಗೊಂಡು ನೋಡಿದ್ರೆ ಇಪ್ಪತ್ತರಿಂದ ಅರವತ್ತರವರೆಗೆ ಅದು ಹೆಚ್ಚುಕಮ್ಮಿ ಒಂದೇ ಸಮ ಇರುತ್ತೆ ಅಂತ ಹೇಳ್ತು. ಹಾಗಾದ್ರೆ ದಪ್ಪ ಆಗೋದು ಯಾಕೆ ಅಂದ್ರೆ ಓಡಾಟ ನಿಂತಿರುತ್ತೆ, ನಿದ್ದೆ ಕಮ್ಮಿ ಆಗಿರುತ್ತೆ, ಊಟದ ಹೊತ್ತು ತಪ್ಪಿರುತ್ತೆ, ಮಾಂಸಖಂಡ ಕರಗಿರುತ್ತೆ. ಇದನ್ನ ಬೈಯೋಕೆ ಹೇಳ್ತಿಲ್ಲ, ಇದು ನಿಜಕ್ಕೂ ಧೈರ್ಯ ಕೊಡೋ ಮಾತು, ವಯಸ್ಸನ್ನ ಬದಲಾಯಿಸೋಕಾಗಲ್ಲ, ಇವನ್ನ ಸ್ವಲ್ಪ ಸ್ವಲ್ಪವಾದ್ರೂ ಬದಲಾಯಿಸಬಹುದು.

ಈಗ ಇಪ್ಪತ್ತರಲ್ಲಿರೋ ತಮ್ಮಂದಿರೇ ತಂಗಿಯರೇ. ನಿಮಗೆ ಉಪದೇಶ ಕೇಳಿ ಕೇಳಿ ಸಾಕಾಗಿರುತ್ತೆ, ಅದಕ್ಕೆ ಮೂರೇ ಮಾತು. ಮೂಳೆ ಎಷ್ಟು ಗಟ್ಟಿ ಆಗ್ಬೇಕೋ ಅಷ್ಟು ಹೆಚ್ಚುಕಮ್ಮಿ ಮೂವತ್ತರೊಳಗೆ ಆಗಿಹೋಗುತ್ತೆ, ಆಮೇಲೆ ಇರೋದನ್ನ ಉಳಿಸ್ಕೊಳ್ಳೋದಷ್ಟೇ, ಹಾಗಾಗಿ ಊಟ ಬಿಟ್ಟು ಸಣ್ಣ ಆಗೋ ಪ್ರಯೋಗ ಈ ವಯಸ್ಸಲ್ಲಿ ಮಾಡಿದ್ರೆ ಅದರ ಏಟು ಅರವತ್ತರಲ್ಲಿ ಸೊಂಟದ ಮೂಳೆಗೆ ಬೀಳುತ್ತೆ. ಓಡಿ, ಜಿಗೀರಿ, ಭಾರ ಎತ್ತಿ. ಎರಡನೇದು ಸಿಗರೇಟು. ಬ್ರಿಟನ್ನಲ್ಲಿ ರಿಚರ್ಡ್ ಡಾಲ್ ಮತ್ತೆ ಬ್ರ್ಯಾಡ್‌ಫೋರ್ಡ್ ಹಿಲ್ ಅನ್ನೋರು 1951ರಲ್ಲಿ ಡಾಕ್ಟರುಗಳನ್ನೇ ಹಿಡಿದು ಶುರು ಮಾಡಿದ ಅಧ್ಯಯನ ಐವತ್ತು ವರ್ಷ ನಡೀತು, ಜೀವನಪೂರ್ತಿ ಸೇದಿದೋರು ಸೇದದೇ ಇರೋರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ಹೋಗ್ತಾರೆ ಅಂತ ತೋರಿಸ್ತು. ಅದೇ ಅಧ್ಯಯನದ ಇನ್ನೊಂದು ಭಾಗಾನ ನಾನು ಎಲ್ಲಾ ವಯಸ್ಸಿನೋರಿಗೂ ಓದಿ ಹೇಳೋಕೆ ಇಷ್ಟಪಡ್ತೀನಿ: ಮೂವತ್ತಕ್ಕೆ ಬಿಟ್ರೆ ಆ 10 ವರ್ಷ ಹೆಚ್ಚುಕಮ್ಮಿ ಪೂರ್ತಿ ವಾಪಸ್ಸು, ನಲವತ್ತಕ್ಕೆ ಬಿಟ್ರೆ 9, ಐವತ್ತಕ್ಕೆ 6, ಅರವತ್ತಕ್ಕೆ ಬಿಟ್ರೂ 3 ವರ್ಷ. ಅರವತ್ತರ ಅಣ್ಣಂದಿರು "ಇನ್ನೇನ್ ಬಿಡೋದು ಈಗ" ಅಂತೀರಲ್ಲ, ಮೂರು ವರ್ಷ ಸಣ್ಣದಾ?

ಮೂರನೇದು ಮನಸ್ಸು. ದೊಡ್ಡೋರಲ್ಲಿ ಕಾಣೋ ಮಾನಸಿಕ ಕಾಯಿಲೆಗಳಲ್ಲಿ ಬಹಳಷ್ಟು ಶುರುವಾಗೋದೇ ಇಪ್ಪತ್ತೈದರೊಳಗೆ. ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಮೊದಲು ಇಷ್ಟ ಆಗ್ತಿದ್ದುದ್ಯಾವ್ದೂ ಈಗ ಬೇಡ ಅನ್ಸುತ್ತೆ, ಬದುಕೇ ಬೇಡ ಅನ್ನೋ ಯೋಚನೆ ಬರ್ತಿದೆ ಅಂದ್ರೆ ಅದು ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ, ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ಡಾಕ್ಟರ್ ಹತ್ರ ಹೋಗಿ. ಇದಕ್ಕೆ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೇದು. ಮತ್ತೆ ಇಯರ್‌ಫೋನ್ ಸೌಂಡ್ ಕಮ್ಮಿ ಇಟ್ಕೊಳ್ಳಿ, ಕಿವಿ ಒಳಗಿನ ಸೂಕ್ಷ್ಮ ಜೀವಕೋಶಗಳು ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ.

ಮೂವತ್ತರೋರಿಗೆ ಟೈಮ್ ಇಲ್ಲ, ಗೊತ್ತು. ಚಿಕ್ಕ ಮಗು, ಹೊಸ ಜವಾಬ್ದಾರಿ, ನಿದ್ದೆ ಇಲ್ಲ. ಹಾಗಾಗಿ ನಿಮಗೆ ದೊಡ್ಡ ಪಟ್ಟಿ ಕೊಡಲ್ಲ, ಆದ್ರೆ ಹೆಣ್ಣುಮಕ್ಕಳಿಗೆ ಎರಡು ವಿಷಯ ಹೇಳ್ದೆ ಮುಂದೆ ಹೋಗಲ್ಲ. ಗರ್ಭಿಣಿ ಆಗಿದ್ದಾಗ ಶುಗರ್ ಬಂದು ಹೆರಿಗೆ ಆದ್ಮೇಲೆ ಹೋಯ್ತು ಅಂದ್ರೆ ಕಥೆ ಮುಗೀತು ಅಂತ ಎಲ್ಲರೂ ನಿಮಗೆ ಹೇಳಿರ್ತಾರೆ. ಮುಗಿದಿಲ್ಲ. ಮುಂದೆ ಡಯಾಬಿಟಿಸ್ ಬರೋ ಸಾಧ್ಯತೆ ನಿಮಗೆ ಬೇರೆಯವರಿಗಿಂತ ಬಹಳ ಜಾಸ್ತಿ, ಹೆರಿಗೆ ಆದ ಮೂರು ತಿಂಗಳೊಳಗೆ ಒಂದ್ಸಲ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಂದ್ಸಲ ಟೆಸ್ಟ್ ಬೇಕು. ಮಗೂಗೆ ಲಸಿಕೆ ಹಾಕಿಸೋಕೆ ತಾರೀಖು ಸಮೇತ ನೆನಪಿಡೋ ಮನೆಯೋರು ತಾಯಿಯ ಈ ಟೆಸ್ಟನ್ನೂ ಅದೇ ಪುಸ್ತಕದಲ್ಲಿ ಬರ್ಕೊಳ್ಳಿ. ಎರಡನೇದು ಗರ್ಭಕೊರಳಿನ ಕ್ಯಾನ್ಸರ್. ಹೆಚ್ಚುಕಮ್ಮಿ ಎಲ್ಲಾ ಕೇಸಿಗೂ ಕಾರಣ ಎಚ್‌ಪಿವಿ ಅನ್ನೋ ವೈರಸ್, ಇದನ್ನ ಕಂಡು ಹಿಡಿದ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಸೇರ್ಕೊಂಡು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬೇಕು, ಅಂದ್ರೆ ಹಿಡಿಯೋಕೆ ಅಷ್ಟು ಟೈಮ್ ಇದೆ, ಆದ್ರೂ ಹೆಂಗಸರು ಸಾಯ್ತಿದಾರೆ ಅನ್ನೋದು ನಾಚಿಕೆಗೇಡು. ವಿಶ್ವ ಆರೋಗ್ಯ ಸಂಸ್ಥೆ ಇಟ್ಕೊಂಡಿರೋ ಗುರಿ ಸರಳ, 35ರೊಳಗೆ ಒಂದು ಒಳ್ಳೇ ಟೆಸ್ಟ್, 45ರೊಳಗೆ ಮತ್ತೊಂದು. ನಿಮ್ಮ ದೇಶದ ನಿಯಮ ಇದಕ್ಕಿಂತ ಹೆಚ್ಚು ಸಲ ಮಾಡಿಸಿ ಅಂದ್ರೆ ಅದನ್ನೇ ಪಾಲಿಸಿ. ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಲ್ಲೇ ಈ ವೈರಸ್ಸಿನ ಲಸಿಕೆ ಹಾಕ್ಸಿ.

ಐವತ್ತಕ್ಕೆ ಬಂದ್ರೆ ಅಕ್ಕಂದಿರ ವಿಷಯಾನೇ ಮೊದಲು, ಯಾಕಂದ್ರೆ ಮನೇಲಿ ಎಲ್ಲರ ರಿಪೋರ್ಟೂ ಇವರ ಕೈಲಿರುತ್ತೆ, ಇವರದ್ದೇ ಇರಲ್ಲ. ಮುಟ್ಟು ನಿಲ್ಲೋದು ಬಹಳ ಜನಕ್ಕೆ 45ರಿಂದ 55ರೊಳಗೆ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದಾಗ ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತೆ, ಕೊಲೆಸ್ಟ್ರಾಲ್ ಏರುತ್ತೆ, ಅಲ್ಲಿವರೆಗೆ ಗಂಡಸರಿಗಿಂತ ಕಮ್ಮಿ ಇದ್ದ ಹಾರ್ಟಿನ ರಿಸ್ಕ್ ಏರ್ತಾ ಹೋಗುತ್ತೆ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದಾಗಲೂ ಎದೆನೋವೇ ಮುಖ್ಯ ಲಕ್ಷಣ, ಆದ್ರೆ ಅದರ ಜೊತೆ ಇಲ್ಲಾ ಅದರ ಬದಲು ಉಸಿರು ಕಟ್ಟೋದು, ವಾಕರಿಕೆ, ದವಡೆ ಬೆನ್ನು ನೋವು, ವಿಪರೀತ ಸುಸ್ತು ಬರೋದು ಅವರಲ್ಲಿ ಸ್ವಲ್ಪ ಜಾಸ್ತಿ, ಗ್ಯಾಸ್ ಅಂತ ಮಲಗಿಸ್ಬೇಡಿ. ಇದ್ದಕ್ಕಿದ್ದ ಹಾಗೆ ಮೈ ಬಿಸಿ ಏರೋದು, ರಾತ್ರಿ ಬೆವರಿ ನಿದ್ದೆ ಕೆಡೋದು ಇದಕ್ಕೂ ಚಿಕಿತ್ಸೆ ಇದೆ, ಹಲ್ಲು ಕಚ್ಚಿ ಸಹಿಸ್ಕೊಳ್ಳೋದು ಕಡ್ಡಾಯ ಅಲ್ಲ. ಸ್ತನದ ಕ್ಯಾನ್ಸರ್ ನೋಡೋ ಮ್ಯಾಮೋಗ್ರಾಂ ಎಕ್ಸ್-ರೇ, ಕರುಳಿನ ಕ್ಯಾನ್ಸರ್ ಟೆಸ್ಟ್ ಎರಡನ್ನೂ ಈ ವಯಸ್ಸಲ್ಲಿ ಡಾಕ್ಟರ್ ಹತ್ರ ನೀವಾಗೇ ಕೇಳಿ, ಎಷ್ಟಕ್ಕೆ ಶುರು ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಅಮೆರಿಕದಲ್ಲಿ ಕರುಳಿನದ್ದನ್ನ 2021ರಲ್ಲಿ 50ರಿಂದ 45ಕ್ಕೆ ಇಳಿಸಿದಾರೆ. ಅಪ್ಪ ಅಮ್ಮನಿಗೋ ಒಡಹುಟ್ಟಿದೋರಿಗೋ ಬಂದಿದ್ರೆ ಇನ್ನೂ ಮೊದಲೇ.

ಗೊರಕೆ ಹೊಡೆದು ಹೊಡೆದು ನಡುವೆ ಉಸಿರೇ ನಿಂತ ಹಾಗಾಗಿ ದಡಕ್ಕನೆ ಏಳೋರು, ಹಗಲು ತೂಕಡಿಸೋರು, ದಯವಿಟ್ಟು ತೋರಿಸ್ಕೊಳ್ಳಿ, ಬಿಪಿ ಹಿಡಿತಕ್ಕೆ ಸಿಗದೇ ಇರೋಕೆ ಎಷ್ಟೋ ಸಲ ಇದೇ ಕಾರಣ.

ಐವತ್ತರಲ್ಲಿ ಇನ್ನೊಂದು ಕೆಲಸ ಇದೆ, ಅದಕ್ಕೆ ಲ್ಯಾಬ್ ಬೇಡ. ಹಾರ್ವರ್ಡ್ ಯೂನಿವರ್ಸಿಟಿಯೋರು 1938ರಿಂದ ಒಂದಷ್ಟು ಜನರ ಬದುಕನ್ನೇ ಹಿಂಬಾಲಿಸ್ತಾ ಬಂದಿದಾರೆ, ಈಗ ಅವರ ಮಕ್ಕಳನ್ನೂ ನೋಡ್ತಿದಾರೆ. ಎಂಬತ್ತರಲ್ಲಿ ಯಾರು ಗಟ್ಟಿಯಾಗಿದಾರೆ ಅಂತ ಹಿಂದೆ ತಿರುಗಿ ನೋಡಿದಾಗ, ಐವತ್ತರ ಹೊತ್ತಲ್ಲಿ ತಮ್ಮ ಸಂಬಂಧಗಳಲ್ಲಿ ನೆಮ್ಮದಿಯಾಗಿದ್ದೋರೇ ಮುಂದಿದ್ರು, ಆ ವಯಸ್ಸಿನ ಕೊಲೆಸ್ಟ್ರಾಲ್ ನಂಬರಿಗಿಂತ ಇದೇ ಹೆಚ್ಚು ಹೇಳ್ತಿತ್ತು. ಮಕ್ಕಳು ದೂರ ಹೋಗೋ, ಕೆಲಸ ತಲೆ ಮೇಲೆ ಕೂರೋ ಈ ಹೊತ್ತಲ್ಲೇ ನಾವು ಸ್ನೇಹಿತರಿಗೆ ಫೋನ್ ಮಾಡೋದು ಬಿಡ್ತೀವಿ. ಬಿಡ್ಬೇಡಿ.

ಅರವತ್ತು, ಎಪ್ಪತ್ತು ದಾಟಿದ ಹಿರಿಯರೇ, ನಿಮಗೆ ಎಲ್ಲರೂ ಹೇಳೋದು ಒಂದೇ, "ನೀವು ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ತೀವಿ". ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಇದಕ್ಕಿಂತ ಹಾನಿ ಮಾಡೋ ಪ್ರೀತಿ ಇನ್ನೊಂದಿಲ್ಲ. ಮೂವತ್ತಾದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಮಾಂಸಖಂಡ ಕಮ್ಮಿ ಆಗ್ತಾ ಬರುತ್ತೆ, ಅರವತ್ತಾದ್ಮೇಲೆ ಇನ್ನೂ ಜೋರು. ಕುರ್ಚಿಯಿಂದ ಕೈ ಊರದೆ ಏಳೋಕಾಗ್ದೇ ಇರೋದು, ಎಡವಿದಾಗ ಸಾವರಿಸ್ಕೊಳ್ಳೋಕಾಗ್ದೇ ಬೀಳೋದು, ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿಯೋದು, ಇದರ ಮೂಲ ಬಹಳ ಸಲ ಕಾಲಿನ ಶಕ್ತಿ ಕರಗಿರೋದೇ. ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವಯಸ್ಸಿನ ಹತ್ತು ಜನಕ್ಕೆ ಎಂಟು ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದ್ರು, 1990ರಲ್ಲಿ ವರದಿ ಬಂತು. ಅವರ ಕಾಲಿನ ಶಕ್ತಿ ಸರಾಸರಿ ಶೇಕಡಾ 174ರಷ್ಟು ಏರಿತ್ತು. ತೊಂಬತ್ತರಲ್ಲಿ! ಸಣ್ಣ ಪ್ರಯೋಗ ನಿಜ, ಆದ್ರೆ ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಇದೇ ದಾರೀಲಿವೆ. ಹಾಗಾಗಿ ಬರೀ ವಾಕಿಂಗ್ ಸಾಲದು ಅಂತ ನಾನು ಕೈ ಮುಗಿದು ಹೇಳ್ತೀನಿ. ವಾರಕ್ಕೆ ಎರಡು ದಿನ ಶಕ್ತಿಯ ವ್ಯಾಯಾಮ, ಮೂರು ದಿನ ಬ್ಯಾಲೆನ್ಸ್ ಅಭ್ಯಾಸ, ವಿಶ್ವ ಆರೋಗ್ಯ ಸಂಸ್ಥೆಯೇ 65 ದಾಟಿದೋರಿಗೆ ಇದನ್ನ ಹೇಳುತ್ತೆ. ಕುರ್ಚಿಯಿಂದ ಎದ್ದು ಕೂರೋದು, ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲೋದು, ಇಷ್ಟರಿಂದ ಶುರು ಮಾಡಿ. ಹಾರ್ಟಿನ ತೊಂದರೆ, ಹೊಸದಾಗಿ ಆಪರೇಷನ್ ಆಗಿದ್ರೆ ಡಾಕ್ಟರ್ ಕೇಳಿ ಮಾಡಿ. ಊಟದಲ್ಲಿ ಪ್ರೋಟೀನ್ ಕಮ್ಮಿ ಮಾಡ್ಕೋಬೇಡಿ, ಕಿಡ್ನಿ ತೊಂದರೆ ಇಲ್ಲದೋರಿಗೆ ಈ ವಯಸ್ಸಲ್ಲಿ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅಂತಾರೆ ತಜ್ಞರು, ಯುವಕರಿಗಿಂತ ಜಾಸ್ತಿ. ಬಾಯಾರಿಕೆ ಗೊತ್ತಾಗೋದು ಕಮ್ಮಿ ಆಗಿರುತ್ತೆ, ಬಾಯಾರೋವರೆಗೂ ಕಾಯದೇನೇ ನೀರು ಕುಡೀರಿ.

ಕಿವಿ ಕೇಳಿಸ್ತಿಲ್ಲ ಅಂದ್ರೆ ಮಶೀನು ಹಾಕ್ಕೊಳ್ಳೋಕೆ ಸಂಕೋಚ ಬೇಡ. ಮರೆವಿನ ಕಾಯಿಲೆ ಬಗ್ಗೆ 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ, ಡಿಮೆನ್ಷಿಯಾ ಕೇಸುಗಳಲ್ಲಿ ಸುಮಾರು ಶೇಕಡಾ 45ರಷ್ಟಕ್ಕೆ ಸಂಬಂಧ ಇರೋದು ನಾವು ಬದಲಾಯಿಸಬಹುದಾದ 14 ಕಾರಣಗಳಿಗೆ ಅಂತ ಹೇಳ್ತು, ಅದರಲ್ಲಿ ಕಿವಿ ಕೇಳಿಸದೇ ಇರೋದು, ನಡುವಯಸ್ಸಿನ ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಒಂಟಿತನ ಎಲ್ಲಾ ಇದೆ. ಫ್ಲೂ, ನ್ಯುಮೋನಿಯಾ ಲಸಿಕೆ ಬಗ್ಗೆನೂ ಕೇಳಿ, ಲಸಿಕೆ ಮಕ್ಕಳಿಗೆ ಮಾತ್ರ ಅಲ್ಲ.

ಈಗ ಕಂಪನಿ ನಡೆಸೋರಿಗೆ. 1950ರ ದಶಕದ ಲಂಡನ್ನಲ್ಲಿ ಜೆರೆಮಿ ಮಾರಿಸ್ ಅನ್ನೋ ಡಾಕ್ಟರ್ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಮತ್ತೆ ಕಂಡಕ್ಟರುಗಳನ್ನ ಹೋಲಿಸಿ ನೋಡಿದ್ರು, ದಿನವಿಡೀ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರುಗಳಿಗಿಂತ ಕೂತಿರೋ ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ ಇತ್ತು. ಅಂಚೆ ಹಂಚೋರು ಮತ್ತೆ ಆಫೀಸಲ್ಲಿ ಕೂತಿರೋರ ಮಧ್ಯೆನೂ ಅದೇ ಕಂಡಿತ್ತು. ನಿಮ್ಮ ಕೆಳಗಿರೋರು ಹಗಲಿನ ಬಹುಪಾಲು ನೀವು ಕೊಟ್ಟ ಕುರ್ಚಿಯಲ್ಲೇ ಕಳೀತಾರೆ, ಹಾಗಾಗಿ ಇದು ಅವರ ಸ್ವಂತ ವಿಷಯ ಅಂತ ಕೈ ತೊಳ್ಕೊಳ್ಳೋಕಾಗಲ್ಲ. ವರ್ಷಕ್ಕೊಂದು ದಿನ ಓಟದ ಕಾರ್ಯಕ್ರಮ, ಟೀ ಶರ್ಟ್, ಫೋಟೋ, ಇದ್ಯಾವ್ದೂ ಬೇಡ. ಟೆಸ್ಟಿಗೆ ಹೋಗೋಕೆ ಸಂಬಳ ಕಡಿತ ಇಲ್ಲದ ಅರ್ಧ ದಿನ ರಜೆ ಕೊಡಿ, ಮೀಟಿಂಗುಗಳ ಮಧ್ಯೆ ಎದ್ದು ಓಡಾಡೋಷ್ಟು ಗ್ಯಾಪ್ ಬಿಡಿ, ರಾತ್ರಿ ಮೆಸೇಜ್ ಹಾಕಿ ನಿದ್ದೆ ಕೆಡಿಸ್ಬೇಡಿ, ನೈಟ್ ಶಿಫ್ಟಿನೋರಿಗೆ ವಾರಾವಾರ ಶಿಫ್ಟ್ ಅದಲು ಬದಲು ಮಾಡ್ಬೇಡಿ.

ಡಾಕ್ಟರುಗಳೇ, ನಿಮ್ಮ ಹೊರಗೆ ಎಷ್ಟು ಜನ ಕಾಯ್ತಿರ್ತಾರೆ ಅಂತ ಗೊತ್ತಿದ್ದೇ ಕೇಳ್ತಿದೀನಿ. ಮೂವತ್ತರ ಹುಡುಗ ನೆಗಡಿಗೆ ಬಂದ್ರೂ ಒಂದ್ಸಲ ಬಿಪಿ ನೋಡಿ, ಅವನು ಮತ್ತೆ ನಿಮ್ಮ ಕಣ್ಣಿಗೆ ಬೀಳೋದು ಯಾವಾಗ್ಲೋ. ರಿಪೋರ್ಟ್ ಅಂಚಿನಲ್ಲಿದ್ರೆ "ಪರವಾಗಿಲ್ಲ, ನಾರ್ಮಲ್" ಅಂತ ಕಳಿಸ್ಬೇಡಿ, ಅಂಚಿನಲ್ಲಿದೆ ಅಂತಾನೇ ಹೇಳಿ, ಏನು ಮಾಡ್ಬೇಕು ಅಂತ ಚೀಟೀಲಿ ಮಾತ್ರೆ ಬರೆದ ಹಾಗೇ ಬರೆದು ಕೊಡಿ, ವಾರಕ್ಕೆ ಎಷ್ಟು ನಿಮಿಷ ನಡೀಬೇಕು, ಮತ್ತೆ ಯಾವ ತಿಂಗಳು ಬರ್ಬೇಕು. ಐವತ್ತರ ಹೆಂಗಸು ನಿದ್ದೆ ಬರಲ್ಲ, ಮೈ ಕೈ ನೋವು, ಯಾಕೋ ಎದೆ ಡವಡವ ಅಂದಾಗ "ವಯಸ್ಸಿಂದು" ಅಂತ ಮುಗಿಸ್ಬೇಡಿ. ಎಪ್ಪತ್ತೈದರ ಹಿರಿಯರು ಚೀಲ ತುಂಬಾ ಮಾತ್ರೆ ತಂದಾಗ ಒಂದೊಂದನ್ನೂ ಕೈಗೆತ್ಕೊಂಡು ಇದು ಯಾರು ಬರೆದಿದ್ದು, ಯಾಕೆ ಬರೆದಿದ್ದು, ಈಗಲೂ ಬೇಕಾ ಅಂತ ವರ್ಷಕ್ಕೊಂದ್ಸಲ ನೋಡಿ, ಮೂರು ಡಾಕ್ಟರು ಬೇರೆ ಬೇರೆ ಬರೆದದ್ದು ಒಂದೇ ಹೊಟ್ಟೆಗೆ ಹೋಗುತ್ತೆ, ಅದರಲ್ಲಿ ತಲೆ ಸುತ್ತಿ ಬೀಳಿಸೋ ಮಾತ್ರೆಗಳೂ ಇರ್ತವೆ. ಬೇಡ್ದೇ ಇರೋದನ್ನ ನೀವೇ ನಿಲ್ಲಿಸಿ, ಯಾಕೆ ನಿಲ್ಲಿಸಿದ್ರಿ ಅಂತ ಜೊತೆಗೆ ಬಂದಿರೋ ಮಗನಿಗೋ ಸೊಸೆಗೋ ಹೇಳೋ ಮೊದಲು ಅವರಿಗೇ ನೇರವಾಗಿ, ಅವರ ಮುಖ ನೋಡ್ಕೊಂಡು, ಕೇಳಿಸೋ ಹಾಗೆ ಹೇಳಿ.

ಇಂತಿ,
ನಿಮ್ಮೆಲ್ಲರ ಆರೋಗ್ಯ ಬಯಸೋ ಒಬ್ಬ ಓದುಗ